ಕಲಮಿನಿಂದ ತೆಗೆದ ಹತ್ತು ದಿನ

ಒಂದು ಸಹಕಾರಿ ಸಂಘಕ್ಕೆ ಎರಡು ದೇಶಗಳು ಇರಬಹುದೇ? ಈ ಪ್ರಶ್ನೆ ಮೊದಲು ಎದ್ದದ್ದು ಯಾವ ವಕೀಲರ ತಲೆಯಲ್ಲೂ ಅಲ್ಲ. ಅದನ್ನು ಎಬ್ಬಿಸಿದ್ದು ಒಂದು ಹಿಡಿ ಕಡಲಪಾಚಿ. ಕೆಂಪು ಎಳೆಯ ಆ ಹೊಸ ತಳಿಗೆ ವರ್ಷಕ್ಕೆ ಎರಡು ಮನೆ ಬೇಕಾಗಿತ್ತು. ಮಳೆಗಾಲದಲ್ಲಿ ಕುಮಟೆ ಕಡೆಯ ಅಳಿವೆಗೆ ಹೊಳೆಯ ಸಿಹಿನೀರು ನುಗ್ಗಿದರೆ ಅದು ಅಲ್ಲಿ ಕೊಳೆಯುತ್ತಿತ್ತು. ಡಿಸೆಂಬರಿನ ನಂತರ ಆಫ್ರಿಕಾದ ಕರಾವಳಿಯಾಚೆಯ ಪೆಂಬಾ ದ್ವೀಪದಲ್ಲಿ ಕಡಲು ಕಾದರೆ ಅಲ್ಲಿ ಬೆಂದು ಬಿಳಿಚಿಕೊಳ್ಳುತ್ತಿತ್ತು. ಹಾಗಾಗಿ ಪಾಚಿಯ ತುಂಡುಗಳನ್ನು ಕಟ್ಟಿದ ಬೀಜದ ಹಗ್ಗಗಳು ಅರ್ಧ ವರ್ಷ ಆ ಅಳಿವೆಯ ಸಣ್ಣಕುರ್ವೆಯ ಹೆಂಗಸರ ಕೈಯಲ್ಲಿ, ಅರ್ಧ ವರ್ಷ ಪೆಂಬಾದ ಹೆಂಗಸರ ಕೈಯಲ್ಲಿ ಬೆಳೆಯಬೇಕು. ಒಬ್ಬರನ್ನು ಬಿಟ್ಟು ಇನ್ನೊಬ್ಬರಿಗೆ ಗತಿಯಿಲ್ಲ.

ಕಡಲಪಾಚಿಗೆ ಗಡಿ ಗೊತ್ತಿಲ್ಲ, ಕಾನೂನಿಗೆ ಗಡಿಯ ಹೊರತು ಬೇರೇನೂ ಗೊತ್ತಿಲ್ಲ. ಇಲ್ಲಿಯ ಸಹಕಾರಿ ಕಾಯಿದೆ ಅಲ್ಲಿಯವರನ್ನು ಸದಸ್ಯರೆಂದು ಒಪ್ಪದು, ಅಲ್ಲಿಯದು ಇಲ್ಲಿಯವರನ್ನು ಒಪ್ಪದು. ಒಂದು ಕಂಪನಿ ಮಾಡಿಕೊಳ್ಳಿ ಎಂದು ದೊಡ್ಡವರೆಲ್ಲ ಬುದ್ಧಿ ಹೇಳಿದರು. ಕಂಪನಿಯಲ್ಲಿ ಹೆಚ್ಚು ಪಾಲು ಇದ್ದವನ ಮಾತು ನಡೆಯುತ್ತದೆ, ನೀರಿನಲ್ಲಿ ನಿಂತವಳ ಮಾತು ನಡೆಯುವುದಿಲ್ಲ ಎಂಬುದು ಹೆಂಗಸರಿಗೆ ಯಾರೂ ಹೇಳಿಕೊಡದೆಯೇ ಅರ್ಥವಾಗಿತ್ತು.

ಆಗ ಬಂದದ್ದು ಕೊಂಡಿ. ಎರಡೂ ದೇಶಗಳ ಕಾಯಿದೆಗಳನ್ನು ಪೂರ್ತಿ ಓದಿಕೊಂಡಿರುವ ಯಂತ್ರ. ಸಂಘದ ಯಾವುದೇ ನಿರ್ಣಯವನ್ನು ಅದು ಎರಡೂ ಕಡೆ ಸಿಂಧುವಾಗುವ ಮಾತಿಗೆ ತಿರುಗಿಸುತ್ತದೆ. ಹಾಗೆ ತಿರುಗದಿದ್ದರೆ ಹಳದಿ ದೀಪ ತೋರಿಸಿ ನಿಲ್ಲಿಸಿಬಿಡುತ್ತದೆ. ಕೊಂಡಿ ಹಸಿರು ತೋರಿಸಿದ್ದೇ ಎರಡೂ ದೇಶದಲ್ಲಿ ಕಾನೂನು ಎಂದು ಒಪ್ಪಂದವಾಯಿತು. ಒಮ್ಮೆ ಹಸಿರಾದದ್ದನ್ನು ಯಾವ ಅಧಿಕಾರಿಯೂ ಯಾವ ಮಂತ್ರಿಯೂ ಮುಟ್ಟುವ ಹಾಗಿರಲಿಲ್ಲ. ಎರಡೂ ದಡದ ಸರ್ವಸಭೆ ಕೂಡಿ ಮುಂದಿನ ದಿನಗಳಿಗೆ ತಿದ್ದುಪಡಿ ಮಾಡಬಹುದು, ಹಿಂದಿನದನ್ನು ತಿದ್ದುವಂತಿಲ್ಲ. ಯಾರ ಕೈಯೂ ತಾಗುವುದಿಲ್ಲವೆಂದೇ ಎರಡೂ ಕಡೆಯವರು ಅದನ್ನು ನಂಬಿದ್ದರು.

ಆದರೆ ಕಲಮುಗಳನ್ನು ಯಾರಾದರೂ ಬರೆದುಕೊಡಬೇಕಲ್ಲ. ಮೂವತ್ತೆಂಟು ಕಲಮುಗಳನ್ನೂ ಬರೆದವಳು ವಿನುತಾ ಅಂಬಿಗ, ಸಣ್ಣಕುರ್ವೆಯ ಮಗಳು, ಸಹಕಾರಿ ಕಾನೂನು ಓದಿದವಳು.

ಸಂಘದ ಉದ್ಘಾಟನೆಯಾಗಿ ಎರಡು ವರ್ಷದ ಮೇಲೆ, ಜನವರಿಯ ಒಂದು ಬೆಳಿಗ್ಗೆ, ಕುಮಟೆಯ ಕೊಂಡಿ ಕೋಣೆಯಲ್ಲಿ ಹಳದಿ ದೀಪ ಹತ್ತಿತು. ಯಂತ್ರ ನೋಡಿಕೊಳ್ಳುವ ಇನಾಸ್ ಲೋಪಿಸ್ ಚಹಾದ ಲೋಟ ಕೆಳಗಿಟ್ಟು ಸ್ಕ್ರೀನು ಓದಿದ.

"ವಿನುತಾಬಾಯಿ, ಇಲ್ಲೊಂದು ನೋಟಿಸು ನೋಡಿ. ಪೆಂಬಾದ ಸದಸ್ಯೆ, ಹೆಸರು ಜುವೇನಾ. ನೂರಾ ಹದಿನೇಳು ದಿನದಿಂದ ನೀರಿಗಿಳಿದಿಲ್ಲ. ಇನ್ನು ಮೂರು ದಿನ ಮೀರಿದರೆ ಸದಸ್ಯತ್ವ ಹೋಗ್ತದೆ, ಪಾಚಿ ಬೆಳೆಯುವ ಪಾತಿ ಸರದಿಯಲ್ಲಿ ಕಾಯುವವರಿಗೆ ಹೋಗ್ತದೆ. ಏನು, ಕಾಯಿಲೆಯೋ?"

"ಗಂಡ ತೀರಿಕೊಂಡಿದ್ದಾನೆ," ಎಂದಳು ವಿನುತಾ. ಅದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ದಿನಗಳ ಲೆಕ್ಕ ನೋಡಿಯೇ ಅವಳಿಗೆ ತಿಳಿಯಿತು.

ಹನ್ನೆರಡನೆಯ ಕಲಮು ಹೀಗಿತ್ತು: ಎಡೆಬಿಡದೆ ನೂರಾ ಇಪ್ಪತ್ತು ದಿನ ಮೀರಿ ಕೆಲಸ ಮಾಡದವರು ಸದಸ್ಯರಾಗಿ ಉಳಿಯುವುದಿಲ್ಲ. ದುಡಿಯದವರು ಒಳಗೆ ಸೇರಿ ಸಂಘವನ್ನು ನುಂಗಬಾರದೆಂದು ಇಟ್ಟ ಕಟ್ಟಳೆ. ಬೀಜ ಆಚೆ ದಡದಲ್ಲಿರುವ ತಿಂಗಳುಗಳಲ್ಲೂ ಗೂಟ ನೆಡುವುದು, ಪಾತಿ ಹಸನು ಮಾಡುವುದು ಎಂದು ನೀರಿನ ಕೆಲಸ ಇದ್ದೇ ಇರುತ್ತಿತ್ತು. ಕೆಲಸ ಮಾಡಿದ್ದಕ್ಕೆ ಸಾಕ್ಷಿ ಉಪ್ಪುಬಳೆ. ಪ್ರತಿ ಸದಸ್ಯೆಯ ಕೈಯಲ್ಲೂ ಅದು ಇರುತ್ತದೆ. ನೀರಿನ ಉಪ್ಪನ್ನೂ ತೊಟ್ಟವಳ ನಾಡಿಯನ್ನೂ ಗುರುತು ಹಿಡಿದು, ಈ ಕೈ ಇಂದು ನೀರಿನಲ್ಲಿತ್ತು ಎಂದು ಕೊಂಡಿಗೆ ತಿಳಿಸುತ್ತದೆ. ಬೇರೆಯವರು ತೊಟ್ಟರೆ ಸುಮ್ಮನಿರುತ್ತದೆ.

ಕರಡು ಬರೆಯುವಾಗ ಪೆಂಬಾ ದಡದ ಮುಖ್ಯಸ್ಥೆ ಬಿ ಸಲಾಮ ಒಂದು ಮಾತು ಹೇಳಿದ್ದರು. 'ಬಿ' ಎಂದರೆ ಅಲ್ಲಿ ಹಿರಿಯ ಹೆಂಗಸಿಗೆ ಕೊಡುವ ಮರ್ಯಾದೆ. ಗಂಡ ಸತ್ತವಳು ನಮ್ಮಲ್ಲಿ ನಾಲ್ಕು ತಿಂಗಳು ಹತ್ತು ದಿನ ಮನೆ ಬಿಟ್ಟು ಕೆಲಸಕ್ಕೆ ಹೋಗುವುದಿಲ್ಲ, ಒಡವೆ ತೊಡುವುದಿಲ್ಲ, ನಾವು ನೂರಾ ಮೂವತ್ತು ದಿನ ಎಣಿಸುತ್ತೇವೆ ಎಂದಿದ್ದರು. ವಿನುತಾ ನೂರಾ ಮೂವತ್ತು ಎಂದೇ ಬರೆದಳು. ಕೊಂಡಿ ಹಳದಿ ತೋರಿಸಿತು. ಎರಡೂ ದೇಶದ ಕಾಯಿದೆಗಳಲ್ಲಿ ಎಲ್ಲೂ ಅಂಥ ಅವಧಿ ಇರಲಿಲ್ಲ. ಸರ್ವಸಭೆ ಇನ್ನೂ ಹುಟ್ಟಿರದಿದ್ದರಿಂದ ಹೊಸದಾಗಿ ಸೇರಿಸಲು ಎರಡೂ ಕಡೆಯ ಸಮಿತಿ ಒಪ್ಪಬೇಕು, ಅದಕ್ಕೆ ಆರು ವಾರ ಬೇಕು. ನಾಲ್ಕು ತಿಂಗಳು ಎಂಬುದು ಮಾತ್ರ ಎರಡರಲ್ಲೂ ಇತ್ತು. ಉದ್ಘಾಟನೆಯ ದಿನ ಗೊತ್ತಾಗಿ, ಆಮಂತ್ರಣ ಪತ್ರಿಕೆ ಅಚ್ಚಾಗಿ, ಅದರ ಮೇಲೆ ಅವಳ ಹೆಸರು ದಪ್ಪಕ್ಷರದಲ್ಲಿ ಬಂದಾಗಿತ್ತು. ಹತ್ತು ದಿನ ತಾನೇ ಎಂದುಕೊಂಡು ಅವಳು ನೂರಾ ಇಪ್ಪತ್ತು ಎಂದು ತಿದ್ದಿದಳು. ದೀಪ ಹಸಿರಾಯಿತು.

ಕೊನೆಯ ಸಲ ಕಲಮುಗಳನ್ನು ಓದಿ ಹೇಳುವಾಗ ಬಿ ಸಲಾಮ ಕೇಳಿದ್ದರು: "ಆ ಹತ್ತು ದಿನ ಇದರಲ್ಲಿ ಸೇರಿದೆಯೇ?"

"ಎಲ್ಲಾ ಸೇರಿದೆ," ಎಂದಿದ್ದಳು ವಿನುತಾ.

ಆಮೇಲೆ ಸರಿಪಡಿಸಿದರಾಯಿತು ಎಂಬ ಯೋಚನೆ ಅವಳಿಗೆ ಇದ್ದದ್ದು ನಿಜ. ಆ 'ಆಮೇಲೆ' ಎರಡು ವರ್ಷವಾದರೂ ಬರಲಿಲ್ಲ. ಹಾರ ಬಿತ್ತು, ಫೋಟೋ ಬಂತು, ಬೇರೆ ಊರುಗಳವರು ಬಂದು ಪಾಠ ಕೇಳಿ ಹೋದರು. ನಡುನಡುವೆ ಹನ್ನೆರಡನೆಯ ಕಲಮು ಕಣ್ಣಿಗೆ ಬಿದ್ದರೆ ಅವಳು ಪುಟ ಸರಿಸುತ್ತಿದ್ದಳು.

ಮಧ್ಯಾಹ್ನ ಬಿ ಸಲಾಮ ಸ್ಕ್ರೀನಿನ ಮೇಲೆ ಬಂದರು. ಅವರ ಮಾತನ್ನು ಕೊಂಡಿ ಅಚ್ಚುಕಟ್ಟಾದ ಪುಸ್ತಕದ ಕನ್ನಡದಲ್ಲಿ ಹೇಳುತ್ತಿತ್ತು.

"ಜುವೇನಾಳ ಗಂಡ ಮೀನಿಗೆ ಹೋದವನು ಮರಳಲಿಲ್ಲ. ಅವಳಿಗೆ ನೋಟಿಸು ಬಂದಿದೆ. ಎಲ್ಲೋ ತಪ್ಪಾಗಿದೆ ಎಂದು ಅವಳಿಗೆ ಹೇಳಿದ್ದೇನೆ. ನಾಲ್ಕು ತಿಂಗಳ ಮೇಲಿನ ಹತ್ತು ದಿನ ನಮ್ಮ ಕಲಮಿನಲ್ಲಿದೆಯಲ್ಲ?"

"ಒಂದು ಕೊಡ ಕಡಲ ನೀರು ಅವರ ಮನೆಗೇ ತರಿಸಿ," ಎಂದಳು ವಿನುತಾ, ಕೇಳಿದ್ದಕ್ಕೆ ಉತ್ತರ ಕೊಡದೆ. "ಬಳೆ ತೊಟ್ಟು ಒಂದು ಗಳಿಗೆ ಕೈ ಅದ್ದಿದರೆ ಸಾಕು."

"ಬಳೆಯನ್ನು ಅವಳು ಮೊದಲ ದಿನವೇ ತೆಗೆದಿಟ್ಟಳು. ಅದೂ ಬಳೆಯೇ ಅಲ್ಲವೇ? ನಾನೂ ಕೇಳಿ ನೋಡಿದೆ. ಗಂಡನಿಗೆ ಕೊಡುವ ಕೊನೆಯ ದಿನಗಳಲ್ಲಿ ಕಳ್ಳತನ ಮಾಡಲಾರೆ ಎಂದಳು. ನನಗೆ ತೋರುವುದು ಹೀಗೆ. ಅಂದು ನಾನು ಹೇಳಿದಾಗ ನಿಮ್ಮ ಯಂತ್ರ ಹತ್ತು ದಿನ ಎಂಬುದನ್ನು ಸರಿಯಾಗಿ ಕೇಳಿಸಿಕೊಂಡಿರಲಿಕ್ಕಿಲ್ಲ."

ಪಾಪದ ಹೆಂಗಸು. ತನಗೆ ಗೊತ್ತಿಲ್ಲದೆಯೇ ವಿನುತಾಳಿಗೆ ಪಾರಾಗುವ ಬಾಗಿಲು ತೆರೆದುಕೊಟ್ಟಿದ್ದರು. ವಿನುತಾ ಅದರಲ್ಲಿ ನುಸುಳಿದಳು.

"ಇರಬಹುದು," ಎಂದಳು.

ಮಾತು ಮುಗಿದ ಮೇಲೆ ಇನಾಸ್ ಅವಳ ಮುಖ ನೋಡಲಿಲ್ಲ. "ಕೊಂಡಿ ಕೇಳಿಸಿಕೊಳ್ಳದ ಮಾತು ಈ ಎರಡು ವರ್ಷದಲ್ಲಿ ಒಂದೂ ಇಲ್ಲ," ಎಂದಷ್ಟೇ ಹೇಳಿ ಲೋಟ ತೊಳೆಯಲು ಹೋದ.

ಸಂಜೆ ಮನೆಗೆ ಬಂದಾಗ ಗುಲಾಬಿ ಅತ್ತೆ ಜಗಲಿಯ ಮೇಲೆ ಕೂತು ಬಳಚು ಚಿಪ್ಪು ಒಡೆಯುತ್ತಿದ್ದಳು. ವಿನುತಾಳ ಅಪ್ಪನ ಅಕ್ಕ, ಸಣ್ಣಕುರ್ವೆ ದಡದ ಅಧ್ಯಕ್ಷೆ. ವಿನುತಾ ಬೆಳೆದದ್ದು ಅವಳ ಮನೆಯಲ್ಲೇ. ಅತ್ತೆಯ ಮಂಡಿ ಈಚೆಗೆ ಕೈಕೊಟ್ಟಿತ್ತು. ದಡದ ಮೇಲೆ ಕೂತು ಹಗ್ಗಕ್ಕೆ ಬೀಜ ಕಟ್ಟುವುದೇ ಅವಳ ಕೆಲಸ, ಅದರಲ್ಲಿ ಅವಳಷ್ಟು ಚುರುಕು ಯಾರೂ ಇರಲಿಲ್ಲ. ಆದರೂ ತಿಂಗಳಿಗೊಮ್ಮೆ ಮಂಡಿಗೆ ಬಟ್ಟೆ ಬಿಗಿದುಕೊಂಡು ಕುಂಟುತ್ತ ನೀರಿಗಿಳಿದು ಬರುತ್ತಿದ್ದಳು. ಹಳೇ ಚಾಳಿ ಎಂದು ವಿನುತಾ ಬೈಯುತ್ತಿದ್ದಳು.

"ಯೆಂತಾ ಆಯ್ತೇ? ಮೋರೆ ಯೆಂತಕೆ ಹಂಗೆ?"

ವಿನುತಾ ಜುವೇನಾಳ ಸಂಗತಿ ಹೇಳಿದಳು. ಅತ್ತೆಯ ಕೈ ನಿಂತಿತು. ಅವಳ ಎರಡೂ ಕೈಯಲ್ಲಿ ಗಾಜಿನ ಬಳೆ ಇರಲಿಲ್ಲ, ಬಲಗೈಯಲ್ಲಿ ಉಪ್ಪುಬಳೆ ಒಂದೇ ಇತ್ತು.

"ನಮ್ಮವ್ರು ಹೋದಾಗ ಎಲ್ಲಾ ಬಳೆ ತೆಗ್ದ್ರು. ಇದನ್ನೂ ತೆಗೀರಿ ಅಂದ್ರು. ಇದು ಬಳೆ ಅಲ್ಲ, ನನ್ನ ಕೆಲ್ಸ ಅಂದೆ. ಹದಿಮೂರನೇ ದಿನಕ್ಕೆ ನೀರಿಗಿಳ್ದೆ. ನಮ್ಗೆ ಹನ್ನೆರಡು ದಿನ. ಅವ್ರಿಗೆ ಅಷ್ಟು ದಿನ ಅಂದ್ರೆ ಅಷ್ಟು ದಿನ. ನೀ ಕಲಮು ಬರೀವಾಗ ಅವ್ರು ಹೇಳಿಲ್ವನೇ?"

"ಯಂತ್ರಕ್ಕೆ ಕೇಳಿಸಲಿಲ್ಲ ಅಂತ ಕಾಣ್ತದೆ."

"ಅದ್ಕೆ ಇರುವೆ ಹರಿದದ್ದೂ ಕೇಳ್ತದೆ ಅಂತ ನೀನೇ ಹೇಳಿದ್ಯಲ್ಲೇ."

ಅತ್ತೆಯ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಸಿಟ್ಟಿದ್ದರೆ ವಿನುತಾ ಇನ್ನೊಂದು ಸುಳ್ಳು ಹೇಳಿ ಒಳಗೆ ಹೋಗಿಬಿಡುತ್ತಿದ್ದಳೋ ಏನೋ. ಅವಳು ಮೆಟ್ಟಿಲ ಮೇಲೆ ಕೂತಳು. "ಕೇಳಿತ್ತು ಅತ್ತೆ. ಯಂತ್ರಕ್ಕೂ ಕೇಳಿತ್ತು, ನನಗೂ ಕೇಳಿತ್ತು. ನಾನೇ ತೆಗೆದೆ. ಅವರು ಕೇಳಿದಾಗ ಸೇರಿದೆ ಅಂದೆ. ಇವತ್ತು ಮತ್ತೊಂದು ಸುಳ್ಳು ಹೇಳಿ ಬಂದೆ." ನಾಚಿಕೆಯಿಂದ ಅವಳಿಗೆ ಅತ್ತೆಯ ಕಣ್ಣು ನೋಡಲಾಗಲಿಲ್ಲ.

ಗುಲಾಬಿ ಅತ್ತೆ ನಾಲ್ಕಾರು ಬಳಚು ಒಡೆದಳು. "ಮಳೆ ದಿನ ಲೆಕ್ಕಕ್ಕಿಲ್ಲ ಅಂತ ಒಂದು ಕಲಮು ಇತ್ತಲ್ಲ?" ಎಂದಳು ಆಮೇಲೆ.

ಇತ್ತು. ಬಿರುಮಳೆಯ ದಿನ ಯಾರೂ ನೀರಿಗಿಳಿಯಲಾರರು ಎಂದು ಬರೆದ ಹದಿನಾಲ್ಕನೆಯ ಕಲಮು. ಎರಡೂ ದೇಶದ ಮಳೆ ಬೇರೆ ಬೇರೆ ಕಾಲಕ್ಕೆ ಬರುವುದರಿಂದ ಅದರಲ್ಲಿ ಮಳೆಯ ಹೆಸರೇ ಇರಲಿಲ್ಲ. ಯಾವುದೇ ಒಂದು ದಡದ ಅರ್ಧಕ್ಕಿಂತ ಹೆಚ್ಚು ಸದಸ್ಯರು ನೀರಿಗಿಳಿಯದ ದಿನವನ್ನು ಯಾರ ಲೆಕ್ಕಕ್ಕೂ ಹಿಡಿಯತಕ್ಕದ್ದಲ್ಲ ಎಂದಿತ್ತು.

ತಿದ್ದುಪಡಿಗೆ ಸರ್ವಸಭೆ ಕರೆಯಲು ಎರಡು ವಾರದ ನೋಟಿಸು ಬೇಕು, ಅಷ್ಟು ದಿನ ಉಳಿದಿರಲಿಲ್ಲ. ಪೆಂಬಾದಲ್ಲಿ ನಾನ್ನೂರು ಸದಸ್ಯರು, ಹನ್ನೊಂದು ಊರು. ಮೂರು ದಿನದಲ್ಲಿ ಅಷ್ಟು ಜನರನ್ನು ಒಪ್ಪಿಸುವುದು ಆಗದ ಮಾತು. ಸಣ್ಣಕುರ್ವೆಯಲ್ಲಿ ಅರವತ್ತೊಂದೇ. ಮೂವತ್ತೊಂದು ಹೆಂಗಸರು ಹತ್ತು ದಿನ ದಡದ ಮೇಲೆ ಕೂತರೆ ಜುವೇನಾಳ ಗಡಿಯಾರ ಹತ್ತು ದಿನ ನಿಲ್ಲುತ್ತದೆ.

"ನಾ ಕೇಳ್ತೆ ಅವ್ರ ಹತ್ರ," ಎಂದಳು ಅತ್ತೆ. "ಆದ್ರೆ ಸುಳ್ಳಿನ ಮೇಲೆ ಕೇಳೂದಿಲ್ಲ, ಬಳೆ ಬಿಚ್ಚಿಟ್ಟು ಕದ್ದು ಇಳಿಯೂದೂ ಇಲ್ಲ. ಹೇಳೂದು ನೀನು."

ಮರುದಿನ ಇಳಿತದ ಹೊತ್ತಿಗೆ ಹೆಂಗಸರೆಲ್ಲ ದಡದಲ್ಲಿ ಸೇರಿದ್ದರು. ವಿನುತಾ ನಿಂತುಕೊಂಡು ಹೇಳಿದಳು. ವಕೀಲಳ ಮಾತೆಲ್ಲ ಎಲ್ಲೋ ಹೋಗಿ ಎರಡೇ ವಾಕ್ಯ ಉಳಿದವು: ಹತ್ತು ದಿನ ನಾನು ತೆಗೆದೆ, ಈಗ ಆ ಹತ್ತು ದಿನ ನಿಮ್ಮ ಹತ್ತಿರ ಬೇಡುತ್ತಿದ್ದೇನೆ.

ನಾಗಿ ಎಂಬವಳು, ನೇರ ಬಾಯಿಯವಳು, ಬುಟ್ಟಿ ಕೆಳಗಿಟ್ಟಳು.

"ಅಲ್ಲಾ ತಂಗೀ, ಈ ಪಾಚಿ ದಿನಾ ಅಲ್ಲಾಡ್ಸಿ ಕೆಸರು ತೆಗೀದಿದ್ರೆ ಕೊಳೀತದೆ. ಹತ್ತು ದಿನ ಬಿಟ್ರೆ ಬೀಜ ಉಳೀತದನೇ? ಜೂನಿಗೆ ಆ ಹೆಂಗಸರಿಗೇ ಕಳ್ಸೂಕೆ ಬೀಜ ಇರೂದಿಲ್ಲ. ನಿನ್ನ ಹೆಸ್ರು ಕಾರ್ಡಿನ ಮೇಲೆ ಬಂತು, ನಮ್ಮ ಪಾತಿ ಯೆಂತಕೆ ಹಾಳಾಗ್ಬೇಕು?"

ನಾಗಿ ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

"ಆ ಪೆಂಬಾದ ಹೆಂಗಸಿಗೆ ಹೇಳ್ದ್ಯ, ನೀನೇ ತೆಗ್ದದ್ದು ಅಂತ?" ಎಂದು ಇನ್ನೊಬ್ಬಳು ಕೇಳಿದಳು.

"ಹೇಳ್ತೇನೆ. ಈ ಹತ್ತು ದಿನ ಕಳೀಲಿ."

"ಮತ್ತೆ ಹತ್ತು ದಿನ!" ಎಂದಳು ನಾಗಿ. ಒಂದಿಬ್ಬರು ನಕ್ಕರು, ಆ ನಗು ವಿನುತಾಳ ಕೆನ್ನೆಗೆ ಹೊಡೆದ ಹಾಗಾಯಿತು. ಹೆಂಗಸರು ಅವಳನ್ನು ಅಲ್ಲೇ ಬಿಟ್ಟು ಸ್ವಲ್ಪ ದೂರ ಹೋಗಿ ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಏನು ತೀರ್ಮಾನವಾಯಿತೆಂದು ಅತ್ತೆಯೂ ಹೇಳಲಿಲ್ಲ.

ಅದರ ಮರುದಿನ ಇಳಿತದ ಹೊತ್ತಿಗೆ ವಿನುತಾ ಕೊಂಡಿ ಕೋಣೆಯಲ್ಲಿ ಸ್ಕ್ರೀನಿನ ಮುಂದೆ ಕೂತಿದ್ದಳು. ನೀರಿಗಿಳಿದ ಬಳೆಗಳ ಎಣಿಕೆ ಏರತೊಡಗಿತು. ಮೊದಲನೆಯದು ನಾಗಿಯದು. ಐದು, ಹನ್ನೊಂದು, ಇಪ್ಪತ್ತು. ಇಪ್ಪತ್ತಾರು, ಇಪ್ಪತ್ತೊಂಬತ್ತು, ಮೂವತ್ತು. ಇನ್ನೊಂದು ಬಳೆ ಒದ್ದೆಯಾದರೆ ಮುಗಿಯಿತು. ಎಣಿಕೆ ಮೂವತ್ತಕ್ಕೆ ನಿಂತದ್ದು ನಿಂತೇ ಇತ್ತು. ಭರತ ಬರುವ ತನಕವೂ ಕದಲಲಿಲ್ಲ.

"ಭಾರೀ ಲೆಕ್ಕದವರು ನಿಮ್ಮೂರ ಹೆಂಗಸರು," ಎಂದ ಇನಾಸ್. "ಮೂವತ್ತು ಜನ ಇಳಿದು ಅರವತ್ತೊಂದು ಪಾತಿ ನೋಡಿಕೊಳ್ತಿದ್ದಾರೆ."

ನಿಜವಾಗಿತ್ತು. ದಿನಕ್ಕೆ ಮೂವತ್ತೊಂದು ಜನ ದಡದಲ್ಲಿ ಕೂರುವುದು, ಉಳಿದ ಮೂವತ್ತು ಜನ ಇಮ್ಮಡಿ ಕೆಲಸ ಮಾಡುವುದು, ಮರುದಿನ ಸರದಿ ಬದಲಿಸುವುದು. ನಾಗಿ ಮಾತ್ರ ಹತ್ತೂ ದಿನ ಇಳಿದಳು. ಎದೆಮಟ್ಟದ ನೀರಿನಲ್ಲಿ ನಿಂತು ಎರಡಾಳಿನ ಹಗ್ಗ ಕೊಡವಿ, ಸಂಜೆ ಬೆನ್ನಿಗೆ ಬಿಸಿನೀರು ಹುಯ್ಯಿಸಿಕೊಳ್ಳುತ್ತ ವಿನುತಾಳನ್ನು ಬೈಯುತ್ತಿದ್ದಳು.

ಕೊಂಡಿ ಏನೂ ಕೇಳಲಿಲ್ಲ. ಅದಕ್ಕೆ ಕಾರಣ ಬೇಕಿಲ್ಲ, ಕಲಮು ಇದ್ದರೆ ಸಾಕು. ಜುವೇನಾಳ ಹೆಸರಿನ ಮುಂದೆ ನೂರಾ ಹದಿನೆಂಟು ಎಂಬುದು ಹಾಗೇ ಉಳಿಯಿತು. ಆರನೆಯ ದಿನ ತೇಲಿಹೋಗುತ್ತಿದ್ದ ಒಂದು ಬೀಜದ ಹಗ್ಗವನ್ನು ಹಿಡಿಯಲು ದಡದಲ್ಲಿದ್ದವಳೊಬ್ಬಳು ಕೈಚಾಚಿಬಿಟ್ಟಳು. ಎಣಿಕೆ ಮೂವತ್ತೊಂದಾಯಿತು, ಆ ದಿನ ಲೆಕ್ಕಕ್ಕೆ ಬಿತ್ತು, ನೂರಾ ಹತ್ತೊಂಬತ್ತು. ಒಂದು ದಿನ ಹೆಚ್ಚು ಕೂತರು. ಅಷ್ಟು ಮಾಡಿದರೂ ಐದರಲ್ಲೊಂದು ಪಾಲು ಬೀಜ ಕೊಳೆಯಿತು. ಕೊಳೆತ ಎಳೆಗಳನ್ನು ಹೆಂಗಸರು ದಡಕ್ಕೆ ತಂದು ಹಾಕುವುದನ್ನು ವಿನುತಾ ದಿನವೂ ನೋಡಿದಳು. ತಾನೂ ನೀರಿಗಿಳಿದು ಕೈಜೋಡಿಸೋಣವೆಂದು ಹೋದರೆ, "ನಿಂಗೆ ಬಳೆ ಇಲ್ಲ, ಲೆಕ್ಕಕ್ಕೆ ಸಿಕ್ಕದ ಕೈ ನಮ್ಗೆ ಬೇಡ," ಎಂದು ನಾಗಿ ವಾಪಸು ಕಳಿಸಿದಳು.

ನಡುವೆ ಬಿ ಸಲಾಮ ಒಮ್ಮೆ ಬಂದು ಕೃತಜ್ಞತೆ ಹೇಳಿದರು. ಯಂತ್ರದ ತಪ್ಪಿಗೆ ನಿಮ್ಮ ಹೆಂಗಸರು ದಂಡ ತೆರುತ್ತಿದ್ದಾರೆ, ಅವರಿಗಾಗಿ ನಾವು ಪ್ರಾರ್ಥಿಸುತ್ತಿದ್ದೇವೆ ಎಂದರು. ಆ ದಿನ ವಿನುತಾ ಊಟ ಬಿಟ್ಟಳು.

ನೂರಾ ಮೂವತ್ತು ದಿನ ತುಂಬಿದ ಮರುದಿನ, ಪೆಂಬಾದಲ್ಲಿ ಒಂದು ಬಳೆ ಒದ್ದೆಯಾಯಿತು. ಜುವೇನಾಳ ಹೆಸರು ಹಸಿರಾಯಿತು.

ಅದಾದ ಮೂರು ದಿನಕ್ಕೆ ತಿದ್ದುಪಡಿಯ ಸರ್ವಸಭೆ. ಸಣ್ಣಕುರ್ವೆಯ ಶಾಲೆಯ ಅಂಗಳದಲ್ಲಿ ಅರವತ್ತೊಂದು ಹೆಂಗಸರು, ಎದುರಿನ ದೊಡ್ಡ ಸ್ಕ್ರೀನಿನಲ್ಲಿ ಪೆಂಬಾದವರು. ಮುಂದಿನ ಸಾಲಿನಲ್ಲಿ ಬಿ ಸಲಾಮರ ಪಕ್ಕ ಒಬ್ಬ ತೆಳ್ಳನೆಯ ಹೆಂಗಸು ಕೂತಿದ್ದಳು. ಮೂವತ್ತು ದಾಟಿರಲಿಕ್ಕಿಲ್ಲ. ಮಣಿಕಟ್ಟಿನಲ್ಲಿ ಉಪ್ಪುಬಳೆ.

ನೂರಾ ಇಪ್ಪತ್ತನ್ನು ನೂರಾ ಮೂವತ್ತು ಮಾಡುವ ನಿರ್ಣಯವನ್ನು ವಿನುತಾ ಓದಿದಳು. ತಿದ್ದುಪಡಿಗೆ ಕಾರಣ ತಿಳಿಸಿ ಎಂದು ಕೊಂಡಿ ಕೇಳಿತು. ಯಂತ್ರ ಸರಿಯಾಗಿ ಕೇಳಿಸಿಕೊಳ್ಳದ ಕಾರಣ ಎಂದು ಬರೆಯಿರಿ ಎಂದರು ಬಿ ಸಲಾಮ.

"ಹಾಗಲ್ಲ," ಎಂದಳು ವಿನುತಾ. "ಬಿ ಸಲಾಮ, ಆ ಹತ್ತು ದಿನ ಸೇರಿದೆಯೇ ಎಂದು ನೀವು ಕೇಳಿದ್ದಿರಿ. ಸೇರಿದೆ ಎಂದೆ. ಸೇರಿರಲಿಲ್ಲ. ನಾನೇ ತೆಗೆದಿದ್ದೆ. ಯಂತ್ರದ ತಪ್ಪು ಎಂದು ನೀವು ಅಂದಾಗ ಇರಬಹುದು ಎಂದೆ. ಅದೂ ಸುಳ್ಳು."

ಕೊಂಡಿ ಆ ಮಾತನ್ನು ಅವರ ಭಾಷೆಗೆ ತಿರುಗಿಸಲು ಒಂದು ಉಸಿರಿನಷ್ಟು ಹೊತ್ತು ತೆಗೆದುಕೊಂಡಿತು. ಮಾತು ಅಲ್ಲಿಗೆ ಮುಟ್ಟಿದ್ದನ್ನು ವಿನುತಾ ಬಿ ಸಲಾಮರ ಮುಖದಲ್ಲಿ ಕಂಡಳು. ಜುವೇನಾ ತಲೆಯೆತ್ತಿದಳು.

"ಆ ಹತ್ತು ದಿನ ತೆಗೆದು ಏನು ಮಾಡಿದಿರಿ?" ಎಂದು ಕೇಳಿದಳು.

ಬೈಗುಳವೂ ಅಲ್ಲ, ಅಳುವೂ ಅಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದ್ದಳು. ತನ್ನ ಗಂಡನಿಗೆ ಸಲ್ಲಬೇಕಾದ ದಿನಗಳನ್ನು ಒಬ್ಬಳು ಎತ್ತಿಕೊಂಡು ಹೋಗಿದ್ದಾಳೆಂದರೆ ಏನೋ ದೊಡ್ಡ ಕೆಲಸಕ್ಕೇ ಬಳಸಿರಬೇಕಲ್ಲ.

"ಒಂದು ಉದ್ಘಾಟನೆ ಇತ್ತು," ಎಂದಳು ವಿನುತಾ. "ಅದನ್ನು ಮುಂದೆ ಹಾಕಬೇಕಾಗುತ್ತಿತ್ತು. ಕಾರ್ಡಿನ ಮೇಲೆ ನನ್ನ ಹೆಸರಿತ್ತು."

ಜುವೇನಾ ಇನ್ನೂ ಏನಾದರೂ ಇದೆಯೇನೋ ಎಂದು ಕಾದಳು. ಇರಲಿಲ್ಲ. ಅವಳು ಮೆಲ್ಲಗೆ ಏನೋ ಹೇಳಿದಳು. "ಇದನ್ನು ನಡಾವಳಿಯಲ್ಲಿ ಬರೆಯಿರಿ," ಎಂದಿತು ಕೊಂಡಿ.

ವಿನುತಾ ಬರೆದಳು. ಎರಡು ಸಲ ಅಳಿಸಬೇಕಾಯಿತು. ನಿರ್ಣಯಕ್ಕೆ ಎರಡೂ ದಡದ ಕೈಗಳು ಎದ್ದವು. ಆಯಿತಲ್ಲ, ಇನ್ನು ಸಭೆ ಮುಗಿಯಿತು ಎಂದು ಹೆಂಗಸರು ಏಳಲು ಹೊರಟರು.

"ಕೂತುಕೊಳ್ಳಿ," ಎಂದರು ಬಿ ಸಲಾಮ. ಕೊಂಡಿಯ ಪುಸ್ತಕದ ಕನ್ನಡದಲ್ಲೂ ಆ ದನಿಯ ಗಡಸು ಅಡಗಲಿಲ್ಲ. "ಮೊದಲಿನಿಂದ ಓದಿ. ಮೂವತ್ತೆಂಟು ಕಲಮುಗಳನ್ನೂ ಓದಿ. ಪ್ರತಿಯೊಂದು ಕಲಮು ಆದ ಮೇಲೆ ಅದರಲ್ಲಿ ಯಾರ ಮಾತನ್ನು ಬಿಟ್ಟಿದ್ದೀರಿ ಹೇಳಿ. ಈ ಸಲ ಸೇರಿದೆಯೇ ಎಂದು ನಾನು ಕೇಳುವುದಿಲ್ಲ."

ವಿನುತಾ ಓದತೊಡಗಿದಳು. ಒಂದು. ಯಾರದ್ದೂ ಬಿಟ್ಟಿಲ್ಲ. ಎರಡು. ಇಲ್ಲ. ಮೂರು, ನಾಲ್ಕು. ಅಂಗಳದ ಬಿಸಿಲು ಹೆಂಗಸರ ಬೆನ್ನಿನ ಮೇಲೆ ಬಂದಿತ್ತು. ಏಳನೆಯದನ್ನು ಓದಿದಳು: ಕೆಲಸವೆಂದರೆ ಸದಸ್ಯೆಯು ಉಪ್ಪುನೀರಿನಲ್ಲಿ ಕೈಯಿಟ್ಟು ಮಾಡಿದ ಕೆಲಸ. ಅಲ್ಲಿ ಅವಳ ದನಿ ನಿಂತಿತು. ಈ ಹದಿನೇಳು ದಿನಗಳಲ್ಲಿ ಒಮ್ಮೆಯೂ ಇದು ಅವಳ ನೆನಪಿಗೆ ಬಂದಿರಲಿಲ್ಲ.

ಅವಳು ಸ್ಕ್ರೀನಿನಿಂದ ಮುಖ ತಿರುಗಿಸಿ ಮೊದಲ ಸಾಲಿನಲ್ಲಿದ್ದ ಗುಲಾಬಿ ಅತ್ತೆಯನ್ನು ನೋಡಿದಳು.

"ಅತ್ತೆ, ದಡದ ಮೇಲೆ ಕೂತು ಬೀಜ ಕಟ್ಟೂದೂ ಕೆಲ್ಸ ಅಂತ ಸೇರ್ಸಿದ್ಯ ಅಂತ ನೀ ಕೇಳಿದ್ದೆ. ಸೇರ್ಸಿದೆ ಅಂದಿದ್ದೆ. ಸೇರ್ಸಿಲ್ಲ."

ಅತ್ತೆ ಮಂಡಿ ತಿಕ್ಕಿಕೊಳ್ಳುತ್ತಿದ್ದಳು. ತಿಕ್ಕುವುದನ್ನು ನಿಲ್ಲಿಸಲಿಲ್ಲ.

"ಗೊತ್ತಿತ್ತು ಬಿಡೇ," ಎಂದಳು. "ಇಲ್ದಿದ್ರೆ ಈ ಮಂಡಿ ಕಟ್ಕಂಡು ನಾ ಯೆಂತಕೆ ತಿಂಗಳು ತಿಂಗಳು ನೀರಿಗೆ ಇಳೀತಿದ್ದೆ? ಮುಂದೆ ಓದು."

ವಿನುತಾ ಎಂಟನೆಯ ಕಲಮು ಓದಿದಳು.